ಮೈಲಾರಪ್ಪನ ಐದನೇ ಗಾಲಿ

ಗಾಡಿಯ ಬೆನ್ನಿಗೆ ಹೊಚ್ಚ ಹೊಸ ಸ್ಟೆಪ್ನಿ ತೂಗುಹಾಕಿಕೊಂಡು, ಪಂಕ್ಚರ್ ಆದ ಗಾಲಿಯನ್ನು ಬಸ್ಸಿನಲ್ಲಿ ಊರಿಗೆ ಕಳಿಸಿ, ಅದು ರಿಪೇರಿಯಾಗಿ ತಿರುಗಿ ಬರುವ ತನಕ ಹೆಂಡತಿ ಮಗಳನ್ನು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಕೂಡಿಸುವ ಮನುಷ್ಯ, ಹುಬ್ಬಳ್ಳಿ-ಧಾರವಾಡ ಎರಡೂ ಊರು ಜರಡಿ ಹಿಡಿದರೂ ಒಬ್ಬನೇ ಸಿಗುತ್ತಿದ್ದ. ಅವನು ಪಾತ್ರೆ ಮಾರುವ ಭಾಂಡೆ ಅಂಗಡಿಯ ಮೈಲಾರಪ್ಪ. ದಾರಿಯಲ್ಲಿ ಹೋಗುವವರು ಮರುಕಪಟ್ಟು, ಜಾಕ್ ಇಲ್ಲವೇನು, ನಟ್ಟು ಬಿಚ್ಚುವ ಪಾನಾ ಬೇಕೇನು ಎಂದು ಕೇಳುತ್ತಿದ್ದರು. ಜಾಕ್ ಇತ್ತು, ಪಾನಾ ಇತ್ತು. ಸ್ಟೆಪ್ನಿಯಂತೂ ನೀಲಿ ರೆಕ್ಸಿನ್ನಿನ ಅಂಗಿ ತೊಟ್ಟುಕೊಂಡು ಬೀಗರ ಮನೆಗೆ ಹೊರಟವರ ಹಾಗೆ ಹಿಂದಿನ ಬಾಗಿಲ ಮೇಲೆ ಕೂತಿರುತ್ತಿತ್ತು.

“ಅದು ಹೊಸಾದೈತ್ರಿ,” ಅನ್ನುತ್ತಿದ್ದ ಮೈಲಾರಪ್ಪ.

ಕೇಳಿದವರು ಅವನ ಮುಖ ನೋಡಿ, ಗಾಲಿಯನ್ನು ನೋಡಿ, ಬೇವಿನ ಗಿಡದ ಕೆಳಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಅವನ ಹೆಂಡತಿ ಸಾವಂತ್ರೆವ್ವನನ್ನು ನೋಡಿ, ಮುಂದಕ್ಕೆ ಹೋಗುತ್ತಿದ್ದರು.

ಇದು ಜಿಪುಣತನ ಅಂದವರು ಬಹಳ. ಆದರೆ ಮೈಲಾರಪ್ಪ ಬದುಕು ಕಟ್ಟಿಕೊಂಡದ್ದೇ ಆ ‘ಹೊಸಾದು’ ಅನ್ನುವ ಮಾತಿನ ಮೇಲೆ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಸಂದಿಯಲ್ಲಿ ಅವನ ಅಪ್ಪ ಬಿಟ್ಟುಹೋದ ಸಣ್ಣ ಅಂಗಡಿ. ಎದುರಿಗೆ, ಬಗಲಿಗೆ ಎಲ್ಲಾ ಅದೇ ವ್ಯಾಪಾರದವರು. ಅವರ ನಡುವೆ ನಿಂತು ಉಸಿರಾಡಬೇಕಾದರೆ ಬೇರೆ ಉಪಾಯ ಬೇಕಿತ್ತು. ಮೈಲಾರಪ್ಪ ಅದನ್ನು ಕಂಡುಕೊಂಡ. ಗದಗ, ಹಾವೇರಿ, ರಾಣೇಬೆನ್ನೂರು ಕಡೆ ಯಾವುದಾದರೂ ಭಾಂಡೆ ಅಂಗಡಿ ಮುಚ್ಚುತ್ತದೆ ಅಂತ ಸುದ್ದಿ ಸಿಕ್ಕರೆ ಮೊದಲ ಬಸ್ಸಿಗೆ ಹೊರಡುವನು. ಅಟ್ಟದ ಮೇಲೆ ಹುಲ್ಲಿನಲ್ಲಿ, ಹಳೇ ಪೇಪರಿನಲ್ಲಿ ಸುತ್ತಿಟ್ಟು ಮಾಲೀಕನೇ ಮರೆತಿದ್ದ ಹಂಡೆ, ಕೊಡ, ಬೋಗುಣಿ, ಪರಾತಗಳನ್ನೆಲ್ಲ ಇಳಿಸಿ ಒಟ್ಟಿಗೆ ಎತ್ತಿಕೊಂಡು ಬರುವನು. ಹುಣಸೆಹುಳಿ ಹಚ್ಚಿ ತಿಕ್ಕಿಸಿ, ಒರೆಸಿ, ಕಡೆಗೆ ಬಟ್ಟೆಯ ತುದಿಗೆ ಎರಡು ಹನಿ ಶೇಂಗಾ ಎಣ್ಣೆ ಅದ್ದಿ ಮೇಲೆ ಎಳೆದರೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಅವನು ಯಾರಿಗೂ ಸುಳ್ಳು ಹೇಳಲಿಲ್ಲ. ಮಾಲು ಯಾವಾಗಿನದು ಅಂತ ಕೇಳಿದರೆ, ನಿಮ್ಮ ಮದುವೆಗಿಂತ ಮೊದಲಿನದು, ಆದರೆ ಒಲೆಯ ಮುಖ ಕಂಡಿಲ್ಲ, ಹೊಸದೇ, ಅನ್ನುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಚಮಚ ಕೂಡ ತಿರುಗಿ ಬಂದಿರಲಿಲ್ಲ. ಹಿತ್ತಾಳೆಗೆ ಅಟ್ಟದ ಮೇಲೆ ಕೂತರೆ ಏನೂ ಆಗುವುದಿಲ್ಲ.

ತೊಂಬತ್ತೈದರಲ್ಲಿ ಗಾಡಿ ತಂದ. ಹತ್ತು ಮಂದಿ ಕೂಡುವ, ಎತ್ತರದ ಹೊಸ ಬಿಳಿ ಗಾಡಿ, ಅದರ ಜೊತೆಗೇ ಬಂದ ಐದನೇ ಗಾಲಿ. ಮನೆಯಲ್ಲಿ ಇದ್ದವರು ಮೂರು ಜನ: ಅವನು, ಸಾವಂತ್ರೆವ್ವ, ಸಾಲಿಗೆ ಹೋಗುವ ಮಗಳು ಭುವನೇಶ್ವರಿ. ಮೂರು ಮಂದಿಗೆ ಹತ್ತು ಮಂದಿಯ ಗಾಡಿ ಯಾಕೆ ಎಂದು ಸಂದಿಯವರು ಕೆಣಕಿದರೆ, ಉಳಿದ ಏಳು ಸೀಟಿನಲ್ಲಿ ಭಾಂಡೆ ಕೂಡುತ್ತಾವೆ, ಅವು ನಿಮ್ಮಷ್ಟು ಮಾತಾಡುವುದಿಲ್ಲ ಅನ್ನುತ್ತಿದ್ದ. ನಡೆಸುವುದಕ್ಕೆ ಗೌಸಸಾಬನನ್ನು ಇಟ್ಟುಕೊಂಡ. ಗೌಸಸಾಬ ಮೊದಲು ಬಾಡಿಗೆ ಟೆಂಪೋ ಓಡಿಸುತ್ತಿದ್ದವನು, ಮಾತು ಕಡಿಮೆ, ಬ್ರೇಕಿಗಿಂತ ಹಾರ್ನಿನ ಮೇಲೆ ನಂಬಿಕೆ ಹೆಚ್ಚು. ಮೈಲಾರಪ್ಪ ಅವನನ್ನು ಗೌಸ್ಯಾ ಅಂದರೆ ಅವನು ಸಾವಕಾರ್ರ ಅನ್ನುವನು. ಹಾಗೆ ಹತ್ತು ವರ್ಷ ನಡೆಯಿತು.

ಆ ಹತ್ತು ವರ್ಷ ಗಾಲಿಗಳ ಗೋಳು ಕೇಳಬಾರದು. ಎರಡೂ ಊರಿನ ರಸ್ತೆಗಳನ್ನು ಒಂದು ಕಡೆ ಅಗೆಯುವುದು, ಇನ್ನೊಂದು ಕಡೆ ಮುಚ್ಚಿದಂಗ ಮಾಡುವುದು. ಮುಂದಿನ ಟಯರುಗಳು ಒಂದೇ ಬದಿಗೆ ಸವೆದು ಹಳೇ ಚಪ್ಪಲಿಯ ಹಿಮ್ಮಡಿಯಂತಾಗುತ್ತಿದ್ದವು. ಸ್ವಲ್ಪ ಜೋರು ಹಿಡಿದರೆ ಸ್ಟೇರಿಂಗು ಜ್ವರ ಬಂದವರ ಹಾಗೆ ನಡುಗುವುದು. ಹಿಂದಿನವಕ್ಕೆ ಮೈಲಾರಪ್ಪ ಹೊಸ ಟಯರ್ ಹಾಕಿಸದೆ ಸವೆದ ಟಯರಿನ ಮೇಲೆ ಹೊಸ ರಬ್ಬರು ಕೂಡಿಸುವ ರಿಸೋಲ್ ಮಾಡಿಸಿದ. ಒಮ್ಮೆ ಕುಂದಗೋಳದ ದಾರಿಯಲ್ಲಿ ಆ ರಬ್ಬರು ಸುಲಿದು ಹಿಂದೆ ಬಿತ್ತು. ಸಾವಂತ್ರೆವ್ವ ತಿರುಗಿ ನೋಡಿ, ನಮ್ಮ ಗಾಡಿ ಪೊರೆ ಬಿಡಾಕತ್ತೇತಿ ನೋಡ್ರಿ ಅಂದಳು. ಆಗಲೂ ಸ್ಟೆಪ್ನಿ ಇಳಿಯಲಿಲ್ಲ.

ಇಳಿಯುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಯ ದಿನ. ಅಂದು ಅಂಗಡಿಯ ತಕ್ಕಡಿ, ಸುತ್ತಿಗೆಗಳ ಜೊತೆಗೆ ಗಾಡಿಗೂ ಪೂಜೆ. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು. ಐದನೆಯದನ್ನು ಗೌಸಸಾಬ ಬಿಚ್ಚಿ ಮಣೆಯ ಮೇಲೆ ಒರಗಿಸಿಡುವನು. ಮೈಲಾರಪ್ಪ ಪಂಚೆ ಮೇಲೆ ಕಟ್ಟಿಕೊಂಡು ತಾನೇ ಕೂತು ಹಂಡೆ ಒರೆಸುವ ಬಟ್ಟೆಯಿಂದಲೇ ಅದಕ್ಕೆ ಶೇಂಗಾ ಎಣ್ಣೆ ತಿಕ್ಕುವನು. ಗಾಲಿ ಕಪ್ಪು ಕಲ್ಲಿನ ದೇವರ ಹಾಗೆ ಮಿರುಗುವುದು. ಆಮೇಲೆ ಭುವನೇಶ್ವರಿ ಬೆರಳು ಅದ್ದಿ ಅದರ ಕೆನ್ನೆಯ ಸುತ್ತ ಕುಂಕುಮದ ಬೊಟ್ಟು ಇಡುವಳು. ಲಂಗದ ಹುಡುಗಿ ಆಗಿದ್ದಾಗಿನಿಂದ ಮದುವೆಯಾಗುವ ತನಕ ಅದು ಅವಳ ಪಾಲಿನ ಕೆಲಸ. ಎಣ್ಣೆಯ ಮೇಲೆ ಕುಂಕುಮ ಚಲೋ ಹಿಡಿಯುತ್ತಿತ್ತು.

ಮದುವೆ ಮಾಡಿದ್ದು ಅಂಬರೀಷನಿಗೆ. ಧಾರವಾಡದಲ್ಲಿ ಸರ್ಕಾರಿ ಹೈಸ್ಕೂಲಿನ ಗಣಿತದ ಮಾಸ್ತರ. ಸಣ್ಣ ದನಿ, ಊಟಕ್ಕೆ ಕೂತರೆ ಎರಡನೇ ರೊಟ್ಟಿಗೇ ಸಾಕು ಅನ್ನುವ ಗಂಡು. ಅತ್ತೆಗೆ ಅದೇ ಚಿಂತೆ. ಮಾವನನ್ನು ಮಾತ್ರ ಬಿಡುತ್ತಿರಲಿಲ್ಲ. “ಮಾವಾರ, ನಾಕು ಗಾಲಿ ದುಡಿಯೂದು, ಒಂದು ಪೂಜಿ ಮಾಡಿಸಿಕೊಳ್ಳೂದು. ಇದು ಗಾಡಿನೋ, ಸರ್ಕಾರಿ ಆಫೀಸೋ?” ಅನ್ನುವನು. ಮೈಲಾರಪ್ಪನಿಗೆ ಆ ಮಾತು ಎಷ್ಟು ರುಚಿಸಿತೆಂದರೆ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಕ್ಕ. ಗಂಡುಮಗ ಇಲ್ಲದ ಮನೆಗೆ ಅಂಬರೀಷ ಅಳಿಯನಾಗಿ ಬಂದು ಮಗನೇ ಆಗಿದ್ದ.

ಎರಡು ವರ್ಷಕ್ಕೆ ಗಂಡ ಹೆಂಡತಿ ಧಾರವಾಡದ ಕೆಲಗೇರಿಯಲ್ಲಿ ಸಣ್ಣ ಮನೆ ಕಟ್ಟಿಸಿದರು. ಕೆರೆಯ ಗಾಳಿ ಬರುವ ಜಾಗ. ಎರಡು ಸಾವಿರದ ಐದರ ಮೇ ತಿಂಗಳಲ್ಲಿ ಹಾಲು ಉಕ್ಕಿಸುವ ಮುಹೂರ್ತ. ಮನೆಯ ಭಾಂಡೆಯೆಲ್ಲ ತನ್ನದೇ ಅಂತ ಮೈಲಾರಪ್ಪ ಮೊದಲೇ ಸಾರಿದ್ದ. ಅಟ್ಟದ ಮೇಲಿನ ಅತಿ ಒಳ್ಳೆಯ ಮಾಲನ್ನು, ಯಾರಿಗೂ ತೋರಿಸದೆ ಇಟ್ಟದ್ದನ್ನು, ಇಳಿಸಿ ಹೊಳೆಯಿಸಿ ಗಂಟು ಕಟ್ಟಿಸಿದ. ಹಾಲಿಗೆಂದೇ ಒಂದು ಹಿತ್ತಾಳೆ ಬೋಗುಣಿ, ದಪ್ಪ ಕಂಠದ್ದು, ಒಳಗೆ ತಾಜಾ ಕಲಾಯಿ.

ಆ ವಾರವೇ ಮುಂದಿನ ಎಡಗಾಲಿ ಅಗೆದ ರಸ್ತೆಯ ಕಲ್ಲಿಗೆ ಬಡಿದು ಬಗಲಿಗೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿತು. ಗೌಸಸಾಬ ಅದನ್ನು ತೋರಿಸಿ, ಇದು ಇನ್ನು ಓಡುವುದಲ್ಲ, ಹೊಸ ಟಯರು ತರೋಣ ಅಂದ.

“ತರೂದೇನು ಬಂತಲೇ? ಹೊಸಾದು ಬೆನ್ನ ಮ್ಯಾಲೇ ಐತಿ,” ಅಂದ ಮೈಲಾರಪ್ಪ. “ಹತ್ತು ವರ್ಷ ಯಾಕ ಇಟ್ಟಿದ್ದೆ ಅಂದಿ? ಇಂಥಾ ಛಲೋ ದಿನಕ್ಕ. ಮಗಳ ಮನಿ ಹಾಲುಕ್ಕಸೂ ದಿನ ಇಳೀಲಿ.”

ಅವನಿಗೆ ಅಂದು ಆದ ಸಂತೋಷ ಲೆಕ್ಕಕ್ಕೆ ಸಿಕ್ಕುವುದಲ್ಲ. ಬೇವಿನ ಗಿಡದ ಕೆಳಗೆ ಕೂತ ಮಧ್ಯಾಹ್ನಗಳು, ಸಂದಿಯವರ ನಗೆ, ಎಲ್ಲಕ್ಕೂ ಇದು ಉತ್ತರವಾಗಿತ್ತು. ಮಾಲು ಕಾದಿಟ್ಟವನಿಗೆ ಅದಕ್ಕೆ ತಕ್ಕ ಗಿರಾಕಿ ಬಂದಂತಾಗಿತ್ತು. ಗೌಸಸಾಬ ನೀಲಿ ಅಂಗಿ ಬಿಚ್ಚಿ, ಗಾಲಿ ಇಳಿಸಿ, ಅದರ ಮೈಮೇಲೆ ಅಂಗೈ ಆಡಿಸಿ ಒಂದು ಕಡೆ ಬೆರಳು ನಿಲ್ಲಿಸಿದ.

“ಸಾವಕಾರ್ರ, ಇಲ್ಲಿ ಗೆರಿ ಗೆರಿ ಕಾಣತಾವ. ಕೆಂಪಗ.”

ಮೈಲಾರಪ್ಪ ಬಗ್ಗಿ ನೋಡಿದ. ಗಾಲಿಯ ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಗಳು, ಸುತ್ತಲೂ.

“ಅದು ಕುಂಕುಮಲೇ ಹುಚ್ಚಾ. ನಮ್ಮ ಭುವಿ ಕುಂಕುಮ. ಹಾಕು.”

ಗೌಸಸಾಬ ಹಾಕಿದ. ಗಾಳಿ ತುಂಬಿಸಿಕೊಂಡು ಬಂದ. ಗಾಲಿ ಕಲ್ಲಿನಂತೆ ನಿಂತಿತು.

ಹಿಂದಿನ ದಿನವೇ ಮಗಳು ಅಳಿಯ ಹುಬ್ಬಳ್ಳಿಗೆ ಬಂದಿದ್ದರು. ಮುಹೂರ್ತದ ದಿನ ಮೈಲಾರಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಮುಂಚೆಯೇ ಬಸ್ಸಿಗೆ ಹೋದ. ಗಾಡಿಯ ತುಂಬ ಭಾಂಡೆಯ ಗಂಟು, ಮೇಲೆ ಹಂಡೆ. ಅಂಬರೀಷ ಸಾಮಾನು ಕಾಯಲು ಗೌಸಸಾಬನ ಬಗಲಿಗೆ ಕೂತು ಬರುವುದು ಅಂತ ಠರಾವಾಗಿತ್ತು. ಕೆಲಗೇರಿಯ ಮನೆಯಲ್ಲಿ ಅರಿಶಿನ, ಹೂ, ಒಲೆ, ಹಾಲು ಎಲ್ಲ ಸಿದ್ಧ. ಬೋಗುಣಿ ಗಾಡಿಯಲ್ಲಿ. ಬಿಸಿಲೇರಿತು. ಮುಹೂರ್ತ ಮೀರುತ್ತದೆ, ಪಕ್ಕದ ಮನೆಯಿಂದ ಒಂದು ಬೋಗುಣಿ ಇಸಿದುಕೊಂಡು ಶಾಸ್ತ್ರ ಮುಗಿಸೋಣ ಅಂದಳು ಸಾವಂತ್ರೆವ್ವ. ಭಾಂಡೆ ವ್ಯಾಪಾರಿಯ ಮಗಳು ಕಡ ತಂದ ಬೋಗುಣಿಯಲ್ಲಿ ಹಾಲು ಉಕ್ಕಿಸಿದರೆ ನಾಳೆ ನಾನು ಅಂಗಡಿ ಬಾಗಿಲು ತೆಗೆಯುವುದು ಹೇಗೆ ಅಂತ ಮೈಲಾರಪ್ಪ ಸಿಡುಕಿದ. ಭುವನೇಶ್ವರಿ ಹೊಸಿಲ ಮೇಲೆ ನಿಂತು ರಸ್ತೆ ನೋಡುತ್ತಿದ್ದಳು.

ಮೈಲಾರಪ್ಪನ ಮೊಬೈಲು ಬಡಿದುಕೊಂಡಿತು. ಅಂಬರೀಷನ ಹೆಸರು. ಇವನು ಕಿವಿಗೆ ಹಚ್ಚುತ್ತಲೇ ಬೈಯಲು ಶುರುಮಾಡಿದ. ಎಲ್ಲಿ ಕೂತೀರಿ, ಚಹಾ ಕುಡಿಯಲು ಇದೇ ಹೊತ್ತು ಸಿಕ್ಕಿತೇ, ಹಾಲು ಕೆಡುತ್ತಿದೆ, ಭುವಿ ಅರ್ಧ ತಾಸಿನಿಂದ ಹೊಸಿಲ ಮೇಲೆ ನಿಂತಾಳೆ. ಆ ಕಡೆಯವರು ಪಾಪ ಪೂರಾ ಕೇಳಿಸಿಕೊಂಡರು. ಆಮೇಲೆ ಗುರುತಿಲ್ಲದ ದನಿಯೊಂದು, “ಈ ಫೋನಿನವರು ನಿಮಗೇನಾಗಬೇಕ್ರಿ?” ಅಂತ ಕೇಳಿತು.

ಬೈರಿದೇವರಕೊಪ್ಪ ದಾಟಿದ ಮೇಲೆ ಆದದ್ದು. ಮುಂದಿನ ಎಡಗಾಲಿ ಬಾಂಬಿನ ಹಾಗೆ ಸಿಡಿಯಿತು ಅಂತ ಚಹಾದಂಗಡಿಯವರು ಹೇಳಿದರು. ಗಾಡಿ ಎಡಕ್ಕೆ ಎಳೆದು, ಮಣ್ಣಿನ ದಿಬ್ಬ ಏರಿ, ಗಿಡಕ್ಕೆ ಹೊಡೆದು ಮಗ್ಗಲಿಗೆ ಬಿದ್ದಿತ್ತು. ಮೈಲಾರಪ್ಪ ರಿಕ್ಷಾದಿಂದ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ತನ್ನ ಮಾಲು. ರಸ್ತೆಯ ತುಂಬ ಪರಾತ, ಚರಿಗೆ, ತಟ್ಟೆ, ಮಧ್ಯಾಹ್ನದ ಬಿಸಿಲಿಗೆ ಜಗಜಗ ಹೊಳೆಯುತ್ತಿದ್ದವು. ಯಾರೋ ಒಳ್ಳೆಯವರು ಹೆಕ್ಕಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಹಂಡೆಗೆ ಒಂದು ತಗ್ಗು ಕೂಡ ಬಿದ್ದಿರಲಿಲ್ಲ. ಅಂಬರೀಷ ದವಾಖಾನೆ ಮುಟ್ಟುವ ಮುಂಚೆಯೇ ಹೋಗಿದ್ದ.

ಗಾಡಿಯ ಬಗ್ಗೆ ಪೊಲೀಸರು ಕೇಳಿದರು. ಬ್ರೇಕು ಹೇಗಿತ್ತು, ಗಾಲಿ ಹೇಗಿದ್ದವು. ಮೈಲಾರಪ್ಪನಿಗೆ ಅಂದು ತನ್ನ ಹೆಸರೇ ನೆನಪಿರಲಿಲ್ಲ. ಹತ್ತು ವರ್ಷ ಹೇಳಿ ರೂಢಿಯಾದ ಮಾತು ಮಾತ್ರ ಬಾಯಲ್ಲಿ ಇತ್ತು. “ಮುಂದಿನ ಎಡಗಾಲಿ ಹೊಸಾದ್ರಿ. ಹೊಚ್ಚ ಹೊಸಾದು.” ಅದನ್ನೇ ಬರೆದುಕೊಂಡರು. ಗಾಡಿ ತಪಾಸಣೆಗೆ ಬಂದವರು ಆ ಮಾತು ಓದಿ, ಗಿಡಕ್ಕೆ ಹೊಡೆದಾಗ ಗಾಲಿ ಸಿಡಿದಿದೆ ಅಂತ ಬರೆದರು. ಹೊಸ ಗಾಲಿ ತಾನಾಗಿ ಸಿಡಿಯುತ್ತದೆಯೇ? ಹಾಗಾದರೆ ಉಳಿದವನು ಗೌಸಸಾಬ. ಅಡ್ಡಾದಿಡ್ಡಿ ಗಾಡಿ ಓಡಿಸಿ ಒಬ್ಬರ ಜೀವ ತೆಗೆದವನು. ಮುರಿದ ಬಲಗೈಯಲ್ಲಿ ಉಕ್ಕಿನ ಸಲಾಖೆ ಹಾಕಿಸಿಕೊಂಡು ಮಲಗಿದ್ದ ಹಾಗೇ ಅವನ ಮೇಲೆ ಕೇಸಾಯಿತು.

ಗೌಸಸಾಬ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ, ಗಾಲಿ ಮೊದಲು ಸಿಡಿಯಿತು ಅಂತ. ಯಾರೂ ನಂಬಲಿಲ್ಲ. ಮೈಲಾರಪ್ಪನೂ ನಂಬಲಿಲ್ಲ. ಅವನಿಗೆ ಸುಳ್ಳಾಡುವ ಮನಸ್ಸೇ ಇರಲಿಲ್ಲ, ಕೆಟ್ಟದ್ದೆಂದರೆ ಅದೇ. ಗಾಲಿ ಹೊಸದಾಗಿತ್ತು, ಅಷ್ಟೇ. ಅಂದ ಮೇಲೆ ಗೌಸ್ಯಾ ಎಲ್ಲೋ ಕಣ್ಣು ಮುಚ್ಚಿರಬೇಕು, ಜೋರು ಹೊಡೆದಿರಬೇಕು. ಭುವನೇಶ್ವರಿಯಂತೂ ಅವನ ಹೆಸರು ಬಂದರೆ ಎದ್ದು ಒಳಗೆ ಹೋಗುವಳು. ಗಂಡನ ಇಲಾಖೆಯವರು ಅವಳಿಗೆ ಒಂದು ಸಾಲಿಯಲ್ಲಿ ಗುಮಾಸ್ತಿಕೆ ಕೊಟ್ಟರು. ತವರಿಗೆ ಬರಲು ಒಪ್ಪದೆ ಕೆಲಗೇರಿಯ ಮನೆಯಲ್ಲೇ ಒಬ್ಬಳೇ ಉಳಿದಳು. ರಸ್ತೆಯಿಂದ ಹೆಕ್ಕಿ ತಂದ ಭಾಂಡೆಯ ಗಂಟುಗಳು ಹಿಂದಿನ ಖೋಲಿಯಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಬಿದ್ದಿದ್ದವು. ಆ ಮನೆಯಲ್ಲಿ ಹಾಲು ಉಕ್ಕಲೇ ಇಲ್ಲ.

ಒಂದು ದಿನ ಗೌಸಸಾಬನ ಹೆಂಡತಿ ಲಾಲಬಿ ಅಂಗಡಿಗೆ ಬಂದಳು. ಮೇಲೆ ಬಾ ಅಂದರೂ ಬರದೆ ಮೆಟ್ಟಿಲ ಕೆಳಗೆ ನಿಂತಳು. ಅವಳ ಗಂಡನ ಕೈ ಇನ್ನು ಪೂರಾ ನೆಟ್ಟಗಾಗುವುದಿಲ್ಲವಂತೆ. ಕೋರ್ಟಿನಲ್ಲಿ ಶಿಕ್ಷೆಯಾದರೆ ಲೈಸೆನ್ಸೂ ಹೋಗುತ್ತದೆ, ಜೇಲೂ ಆಗುತ್ತದೆ. ಹತ್ತು ವರ್ಷ ಅವನು ಒಮ್ಮೆಯಾದರೂ ನಿಮ್ಮ ಮನೆಯವರನ್ನು ಕೂಡಿಸಿಕೊಂಡು ಜೋರು ಓಡಿಸಿದ್ದು ಕಂಡಿದ್ದೀರಾ, ಅಷ್ಟನ್ನು ಹೇಳಿದರೆ ಸಾಕು, ಅಂದಳು. ವ್ಯಾಪಾರಿಗೆ ಮಾತು ತೋಚದಿದ್ದಾಗ ಕೈ ಮಾಲಿನ ಕಡೆ ಹೋಗುತ್ತದೆ. ಮೈಲಾರಪ್ಪ ಒಂದು ಸ್ಟೀಲಿನ ಡಬ್ಬಿ ತೆಗೆದು, ಇಟಕೋ ತಂಗಿ ಅಂತ ಮುಂದೆ ಹಿಡಿದ. ಲಾಲಬಿ ಅದನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ತೆಗೆದುಕೊಂಡು, ಮೆಟ್ಟಿಲ ಮೇಲೆ ಇಟ್ಟು ಹೋದಳು.

ಹೀಗೆ ಇನ್ನೂ ಕೆಲವು ತಿಂಗಳು. ಆಮೇಲೆ ಅವನ ಆಯುಷ್ಯದಲ್ಲಿ ಮೊದಲ ಸಲ ಒಂದು ಮಾಲು ತಿರುಗಿ ಬಂತು. ತಂದವರು ಗೋಪನಕೊಪ್ಪದ ನಿರುಪಮಾ ಅಕ್ಕಾರು, ಕನ್ನಡ ಸಾಲಿಯಲ್ಲಿ ಕಲಿಸುವವರು, ಹಳೇ ಗಿರಾಕಿ. ಅವರು ಒಯ್ದದ್ದು ಹಳೇ ಅಂಗಡಿಯೊಂದರಿಂದ ಬಂದ ಪ್ರೆಶರ್ ಕುಕ್ಕರು. ಡಬ್ಬಿಗೆ ಅಂಟಿಸಿದ ಪಟ್ಟಿ ಕೂಡ ಹರಿದಿರಲಿಲ್ಲ.

“ಸಾವಕಾರ್ರ, ನಿಮ್ಮ ಕುಕ್ಕರ್ ಸೀಟಿ ಹೊಡೀಲಿಲ್ಲ. ಕಡೀಕ ನಾನಾ ಹೊಡೀಬೇಕಾತು.”

ಮೈಲಾರಪ್ಪ ನಕ್ಕ. ಬಿಚ್ಚದ ಡಬ್ಬಿ, ಹೊಸ ಮಾಲು, ಹಾಗಾಗಲು ಶಕ್ಯವಿಲ್ಲ ಅಂದ.

“ಬಿಚ್ಚದಿದ್ರ ಏನಾತ್ರಿ? ವರ್ಷ ಹೋಗೂದು ರಬ್ಬರಿಗೆ ಗೊತ್ತಾಗೂದಿಲ್ಲೇನು?” ಅನ್ನುತ್ತ ಅಕ್ಕಾರು ಮುಚ್ಚಳದ ರಬ್ಬರಿನ ಬಳೆ ತೆಗೆದು ಅವನ ಮುಂದೆ ಇಟ್ಟರು. ಎರಡು ತುಂಡು. ಅವನು ಒಂದು ತುಂಡನ್ನು ಬಾಗಿಸಿದ. ಹಪ್ಪಳದ ಹಾಗೆ ಲಟ್ಟನೆ ಮುರಿಯಿತು.

ಅಕ್ಕಾರಿಗೆ ಹೊಸ ಬಳೆ ಹಾಕಿಕೊಟ್ಟು ಕಳಿಸಿ, ಅವನು ಅಟ್ಟ ಏರಿದ. ಅದೇ ಅಂಗಡಿಯಿಂದ ತಂದ ಉಳಿದ ಕುಕ್ಕರುಗಳ ಡಬ್ಬಿ ಒಂದೊಂದಾಗಿ ಒಡೆದ. ಪಾತ್ರೆಗಳು ಕನ್ನಡಿಯ ಹಾಗಿದ್ದವು. ಬಳೆಗಳು ಮೇಲೆ ಕಪ್ಪಗೆ, ಚಂದಾಗಿ, ಹೊಸದರಂತೆ ಕಾಣುತ್ತಿದ್ದವು. ಬಾಗಿಸಿದರೆ ಮೈತುಂಬ ಸಣ್ಣ ಗೆರೆಗಳು ಬಾಯಿ ತೆರೆಯುತ್ತಿದ್ದವು. ಕೂದಲೆಳೆಯಷ್ಟು ಗೆರೆ. ಮೈಲಾರಪ್ಪ ಮುರಿದ ಬಳೆಗಳ ನಡುವೆ ಕೂತೇ ಇದ್ದ. ಕೆಳಗೆ ಗಿರಾಕಿ ಕೂಗಿದರೂ ಇಳಿಯಲಿಲ್ಲ.

ಮರುದಿನ ಪೊಲೀಸ್ ಸ್ಟೇಷನ್ನಿನ ಹಿತ್ತಲಿಗೆ ಹೋದ. ಜಪ್ತಿಯಾದ ಗಾಡಿಗಳ ಸಾಲಿನಲ್ಲಿ ಬಿಳಿ ಗಾಡಿ ನಿಂತಿತ್ತು, ಒಳಗೆ ಹುಲ್ಲು ಬೆಳೆದಿತ್ತು. ಮುಂದಿನ ಎಡಗಾಲಿ ಬಾಯಿ ತೆರೆದುಕೊಂಡು ಕೂತಿತ್ತು. ಮೊಣಕಾಲೂರಿ ಅದರ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದ. ಸೀಳುಗಳು ತೆರೆದವು. ಒಳಗೆಲ್ಲ ಕುಂಕುಮ. ಮಳೆಗೂ ಹೋಗಿರಲಿಲ್ಲ. ಗೌಸಸಾಬ ತೋರಿಸಿದ್ದ ಗೆರೆಗಳು ಅವೇ. ಸೀಳು ಗಾಲಿ ಹಾಕುವ ಮೊದಲೇ ಇದ್ದವು, ಮಗಳ ಕುಂಕುಮ ಅವುಗಳಲ್ಲಿ ಇಳಿದು ಮುಚ್ಚಿತ್ತು. ಇಷ್ಟು ದಿನ ತಾನು ತಿಕ್ಕಿದ ಎಣ್ಣೆಯ ಜಿಡ್ಡು ಇನ್ನೂ ಬೆರಳಿಗೆ ಹತ್ತುತ್ತಿತ್ತು. ಹೊರಗೆ ಬಂದು ರಸ್ತೆಯ ಆ ಕಡೆಯ ಟಯರ್ ಅಂಗಡಿಯವನಿಗೆ, ಟಯರಿಗೆ ಎಣ್ಣೆ ಹಚ್ಚಿದರೆ ಏನಾಗುತ್ತದಪ್ಪಾ ಅಂತ, ಯಾರದೋ ಮಾತು ಎಂಬಂತೆ ಕೇಳಿದ. ಅವನು ತಲೆಯೆತ್ತದೆ, ಎಣ್ಣಿ ರಬ್ಬರು ತಿಂತೇತಿ, ಟಯರು ಲಗೂ ಸಾಯ್ತೇತ್ರಿ ಅಂದ.

ಇನ್ನು ಮುಂದಿನದು ಯಾವ ವ್ಯಾಪಾರಿಯೂ ಬೀಳಬಾರದ ಪೇಚು. ಕೋರ್ಟಿನಲ್ಲಿ ನಿಜ ಹೇಳಿದರೆ ಗೌಸಸಾಬ ಉಳಿಯುತ್ತಾನೆ, ಆದರೆ ಗಂಡನನ್ನು ತಿಂದದ್ದು ಅಪ್ಪನ ಗಾಲಿ ಅಂತ ಮಗಳಿಗೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ಮಗಳು ತನ್ನವಳಾಗಿ ಉಳಿಯುತ್ತಾಳೆ, ಗೌಸಸಾಬ ಜೇಲಿಗೆ ಹೋಗುತ್ತಾನೆ. ಕೇಸು ಕೋರ್ಟಿನಲ್ಲಿ ತಾರೀಖಿನಿಂದ ತಾರೀಖಿಗೆ ಕುಂಟುತ್ತಿತ್ತು. ಮೈಲಾರಪ್ಪ ಪ್ರತಿ ತಾರೀಖು ಮುಂದೆ ಬಿದ್ದಾಗಲೂ ಬದುಕಿದೆ ಅಂದುಕೊಂಡು ಮನೆಗೆ ಬಂದು ಉಣ್ಣುತ್ತಿದ್ದ. ಎರಡು ಸಲ ಹೇಳಿಯೇ ಬಿಡುತ್ತೇನೆಂದು ಕೆಲಗೇರಿಗೆ ಹೋದ. ಭುವನೇಶ್ವರಿ ಚಹಾ ಕೊಟ್ಟಳು. ಖೋಲಿಯಲ್ಲಿ ಗಂಟುಗಳು ಕಾಣುತ್ತಿದ್ದವು. ಚಹಾ ಕುಡಿದು, ಕೆರೆಗೆ ನೀರು ಬಂದೇತಿ ಅಂತ ಹೇಳಿ ಎದ್ದು ಬಂದ. ಆ ದಿನಗಳಲ್ಲಿ ಅವಳು ಸಂಜೆ ದೀಪ ಹಚ್ಚಿದ ಮೇಲೆ ಗೌಸಸಾಬನ ಹೆಸರು ಹಿಡಿದು, ಅವನ ಕೈ ಸೇದಿಹೋಗಲಿ ಅಂತ ಬೇಡಿಕೊಳ್ಳುವುದನ್ನು ಸಾವಂತ್ರೆವ್ವ ಒಮ್ಮೆ ಕಿವಿಯಾರೆ ಕೇಳಿ ಬಂದು ಗಂಡನಿಗೆ ಹೇಳಿದಳು. ಅಂದು ಮೈಲಾರಪ್ಪ ಹೆಂಡತಿಗೆ ಎಲ್ಲ ಬಿಚ್ಚಿ ಹೇಳಿದ. ಕುಕ್ಕರಿನ ಬಳೆ, ಎಣ್ಣೆ, ಕುಂಕುಮ.

ಸಾವಂತ್ರೆವ್ವ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು. ಆರಿಸಿದ್ದನ್ನೇ ಆರಿಸಿದಳು.

“ಹೇಳಿದ್ರ ಮಗಳು ಕೈಬಿಟ್ಟು ಹೊಕ್ಕಾಳ. ಹೇಳದಿದ್ರ ಅವ ಜೇಲಿಗೆ ಹೊಕ್ಕಾನ,” ಅಂದಳು. “ಜಲ್ಮೆಲ್ಲಾ ತಕ್ಕಡಿ ಹಿಡದೀರಿ. ತೂಗ್ರಿ ನೀವಾ.”

ಅವನ ಸಾಕ್ಷಿ ಬಂದದ್ದು ಎರಡು ಸಾವಿರದ ಏಳರಲ್ಲಿ. ಭುವನೇಶ್ವರಿ ಸಾಲಿಗೆ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಗೌಸಸಾಬನಿಗೆ ಶಿಕ್ಷೆಯಾಗುವುದನ್ನು ಕಣ್ಣಾರೆ ನೋಡಬೇಕಾಗಿತ್ತು ಅವಳಿಗೆ. ಗೌಸಸಾಬ ಅರ್ಧ ಮಡಿಚಿದ ಕೈಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ, ಯಾರನ್ನೂ ನೋಡಲಿಲ್ಲ. ಸರ್ಕಾರಿ ವಕೀಲರು ಹಳೇ ಹೇಳಿಕೆ ಓದಿ, ಸುಮ್ಮನೆ ಹೌದೆನಿಸಿಕೊಂಡು ಮುಗಿಸುವ ದನಿಯಲ್ಲಿ, ಗಾಲಿ ಹೊಸದಿತ್ತು, ಹೌದಲ್ಲ ಅಂದರು.

“ಗಾಡಿ ಜೋಡಿ ಬಂದು ಹತ್ತು ವರ್ಷ ಆಗಿತ್ರಿ,” ಅಂದ ಮೈಲಾರಪ್ಪ.

ಹಿಂದೆ ಕೂತವರು ಯಾರೋ ನಕ್ಕರು. ನ್ಯಾಯಾಧೀಶರು ತಲೆಯೆತ್ತಿದರು. ಬಿಡಿಸಿ ಹೇಳಿ ಅಂದಾಗ ಅವನು ಬಿಡಿಸಿ ಹೇಳಿದ. ಹತ್ತು ವರ್ಷ ಗಾಲಿಯನ್ನು ಓಡಿಸದೆ ಇಟ್ಟದ್ದು, ಎಣ್ಣೆ ತಿಕ್ಕಿದ್ದು, ಗುಳ್ಳೆ ಎದ್ದಾಗ ಡ್ರೈವರು ಬೇರೆ ಟಯರು ತರೋಣ ಅಂದದ್ದು, ಗೆರೆ ತೋರಿಸಿದ್ದು.

“ಗೌಸಸಾಬ ಗೆರಿ ಅದಾವ ಅಂತ ತೋರಿಸಿದಾ. ನಾ ಕುಂಕುಮ ಅಂದೆ. ತಪ್ಪು ಅವಂದಲ್ರಿ. ಗಾಲಿನೂ ನಂದು, ಮಾತೂ ನಂದು.”

ಅಷ್ಟು ವರ್ಷದಲ್ಲಿ ಅವನು ಗೌಸ್ಯಾ ಅನ್ನದೆ ಗೌಸಸಾಬ ಅಂದದ್ದು ಅದೇ ಮೊದಲು.

ಹೊರಗಿನ ವರಾಂಡದಲ್ಲಿ ಭುವನೇಶ್ವರಿ ಕಂಬಕ್ಕೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳು ಗಾಲಿಯ ಬಗ್ಗೆ ಕೇಳುತ್ತಾಳೆ, ಎಣ್ಣೆಯ ಬಗ್ಗೆ ಕೇಳುತ್ತಾಳೆ ಅಂತ ಮೈಲಾರಪ್ಪ ಉತ್ತರ ಕಟ್ಟಿಕೊಂಡು ಬಂದಿದ್ದ.

“ಯಾವಾಗ ಗೊತ್ತಾತು, ಅಪ್ಪಾ?”

“ವರ್ಷ ಆತು.”

ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು.

“ಆ ವರ್ಷೆಲ್ಲಾ ನಾ ದಿನಾ ಆ ಮನಿಶಾಗ ಶಾಪ ಹಾಕೇನಿ. ದೀಪದ ಮುಂದ ಕುಂತು. ನೀ ಚಾ ಕುಡದು ಹೋದಿ.”

ಬಸ್ಸಿನ ತನಕ ಅವನು ಹಿಂದೆ ನಡೆದ. ಅವಳು ತಿರುಗಿ ನೋಡಲಿಲ್ಲ.

ಗೌಸಸಾಬನ ಬಿಡುಗಡೆಯಾಯಿತು. ಒಂದು ಸಲ ಅಂಗಡಿಗೆ ಬಂದ, ಲಾಲಬಿ ನಿಂತ ಜಾಗದಲ್ಲೇ ನಿಂತ. ಆ ಕೈಯಲ್ಲಿ ಗಾಡಿ ಓಡಿಸುವುದು ಆಗುವುದಿಲ್ಲ, ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯ ಹತ್ತಿರ ಕೆಲಸ ಹಿಡಿದಿದ್ದಾನೆ ಅಂತ ಹೇಳಿದ. ಮೈಲಾರಪ್ಪ ಕೈ ಮುಗಿಯಲು ಹೋದ. ಅವನು ಮುಖ ಬೇರೆ ಕಡೆ ತಿರುಗಿಸಿದ.

“ಬಿಡ್ರಿ ಸಾವಕಾರ್ರ. ನೀವು ಕುಂಕುಮ ಅಂದಾಗ ನಾನೂ ಹೌದಂದೆ. ಬಾಜೂಕ ಕುಂತಿದ್ದ ಹುಡುಗನ ಮುಖ ನಂಗೂ ಕಾಣತೈತಿ.”

ಅವನೂ ಮತ್ತೆ ಬರಲಿಲ್ಲ.

ಮುಂದಿನ ವಾರ ಕೆಲಗೇರಿಯಿಂದ ಒಂದು ಟೆಂಪೋ ಬಂದು ಅಂಗಡಿಯ ಮುಂದೆ ನಿಂತಿತು. ಗಂಟುಗಳೆಲ್ಲ ಇಳಿದವು. ಹಗ್ಗಗಳು ರಸ್ತೆಯಿಂದ ತಂದಾಗ ಕಟ್ಟಿದ ಹಾಗೇ ಇದ್ದವು, ಒಂದು ಗಂಟಿನದು ಮಾತ್ರ ಬಿಚ್ಚಿ ಮತ್ತೆ ಕಟ್ಟಿದ್ದು. ಸ್ವಲ್ಪ ಧೂಳು, ಒಂದೆರಡು ಪರಾತಕ್ಕೆ ರಸ್ತೆಯ ಗೀರು. ಒಲೆಯ ಮುಖ ಯಾವುದೂ ಕಂಡಿರಲಿಲ್ಲ. ಚೀಟಿಯಿಲ್ಲ, ಮಾತಿಲ್ಲ. ಮೈಲಾರಪ್ಪ ಹುಣಸೆಹುಳಿ ಮುಟ್ಟಲಿಲ್ಲ. ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ಬದಿಗಿಡತೊಡಗಿದ. ಹಂಡೆ ಇತ್ತು, ಕೊಡ ಇತ್ತು, ಚರಿಗೆಗಳಿದ್ದವು. ಹಾಲಿನ ಬೋಗುಣಿ ಇರಲಿಲ್ಲ. ಅವನು ಹಂಡೆಯ ಒಳಗೆ ಕೈ ಹಾಕಿ ನೋಡಿದ. ಎಲ್ಲವನ್ನೂ ಮತ್ತೆ ಮೊದಲಿನಿಂದ ಎತ್ತಿ ನೋಡಲು ಶುರುಮಾಡಿದ.

ಸಾವಂತ್ರೆವ್ವ ಊಟದ ಡಬ್ಬಿ ತಂದು ಅಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹುಡುಕಬ್ಯಾಡ್ರಿ,” ಅಂದಳು. “ಅದನ್ನ ಅಕೀ ಇಟಗೊಂಡಾಳ, ಅಕೀ ಹಂತ್ಯಾಕ ಇರಲಿ. ಕೇಳಾಕೂ ಹೋಗಬ್ಯಾಡ್ರಿ.”

ಅವನು ಹಂಡೆಯನ್ನು ಕೆಳಗಿಟ್ಟ. ಒಬ್ಬ ಗಿರಾಕಿ ಮೆಟ್ಟಿಲು ಹತ್ತುತ್ತ, ಹಂಡೆ ಚಂದೈತಲ್ರಿ, ಹೊಸಾದೇನು ಅಂತ ಕೇಳಿದ. ಮೈಲಾರಪ್ಪ ಗಂಟಿನ ಬಟ್ಟೆ ಎಳೆದು ಹಂಡೆಯ ಮೇಲೆ ಮುಚ್ಚಿದ. ಗಿರಾಕಿ ಸ್ವಲ್ಪ ಹೊತ್ತು ಕಾದು ಎದುರಿನ ಅಂಗಡಿಗೆ ಹೋದ.